ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರು

2023ರ ಮೇ 6, ಶನಿವಾರ ಮಧ್ಯಾಹ್ನ. ವಿಧಾನಸಭೆ ಚುನಾವಣೆಗೆ ನಾಲ್ಕೇ ದಿನ. ನಮ್ಮ ಬೀದಿಯಲ್ಲಿ ಪ್ರಚಾರದ ಆಟೊ ಗಂಟಲು ಹರಿದುಕೊಂಡು ಮೂರನೇ ಸುತ್ತು ಹೊಡೆಯುತ್ತಿತ್ತು. ಟೀವಿಯೊಳಗೆ ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಅಬೆ ಚರ್ಚಿನಲ್ಲಿ, ಬ್ರಿಟನ್ನಿನ ರಾಜನಾಗಿ ಪಟ್ಟಾಭಿಷೇಕಕ್ಕೆಂದು, 74 ವರ್ಷದ ಚಾರ್ಲ್ಸ್ ಸಾಹೇಬರು ನಿಲುವಂಗಿ ಕಳಚಿಟ್ಟು ಬರೀ ಬಿಳಿ ಅಂಗಿಯಲ್ಲಿ ಕೂತಿದ್ದರು. ಅಷ್ಟರಲ್ಲಿ ಸೈನಿಕರು ಕಸೂತಿ ಪರದೆಗಳನ್ನು ತಂದು ಮೂರೂ ಕಡೆ ಅಡ್ಡ ಹಿಡಿದುಬಿಟ್ಟರು. ಒಳಗೇನು ನಡೆಯುತ್ತಿದೆ ಎಂದು ನೋಡುವ ಯೋಗ ಜಗತ್ತಿಗಿಲ್ಲ.

ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದ ಚಿಕ್ಕಮ್ಮ ಈಳಿಗೆಯಿಂದ ತಲೆ ಎತ್ತಿ, "ಏನ್ ಮಾಡ್ತಿದಾರೆ ಒಳಗೆ?" ಅಂದರು.

"ಎಣ್ಣೆ ಹಚ್ತಿದಾರೆ. ಕೈಗೆ, ಎದೆಗೆ, ನೆತ್ತಿಗೆ."

"ಅಭ್ಯಂಜನ ಬಚ್ಚಲಲ್ಲಿ ಮಾಡ್ಕೊಳ್ಳೋದು ಬಿಟ್ಟು ಅಷ್ಟೊಂದು ಜನರನ್ನ ಯಾಕೆ ಕರೆದರಂತೆ?"

ಎರಡು ಸಾವಿರಕ್ಕೂ ಹೆಚ್ಚು ಅತಿಥಿಗಳನ್ನು ಕರೆದು, ಮುಖ್ಯ ಘಟ್ಟ ಬಂದಾಗ ಪರದೆ ಎಳೆಯುವುದು ಏಕೆಂದು ನನಗೂ ಹೊಳೆಯಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತ ನಮ್ಮಲ್ಲಿ ಗಾದೆ ಇದೆ. ಅಲ್ಲಿ ಎಣ್ಣೆ ಬಂದಾಗ ಊರವರ ಕಣ್ಣನ್ನೇ ಮುಚ್ಚಿಸಿದರು.

ಅದು ಸಾಮಾನ್ಯ ಎಣ್ಣೆಯಲ್ಲ ಬಿಡಿ. ಜೆರುಸಲೇಮಿನ ಆಲಿವ್ ಗುಡ್ಡದ ಎರಡು ಮಠಗಳ ತೋಟದ ಕಾಯಿ; ಬೆತ್ಲೆಹೇಮಿನ ಪಕ್ಕದ ಗಾಣ; ಗುಲಾಬಿ, ಮಲ್ಲಿಗೆ, ದಾಲ್ಚಿನ್ನಿ, ಎಳ್ಳಿನ ಪರಿಮಳ; ಯೇಸುವಿನ ಸಮಾಧಿಯ ಮೇಲೆ ಕಟ್ಟಿದ ಚರ್ಚಿನಲ್ಲಿ ಮಂತ್ರ. ಹಿಂದಿನ ರಾಜರ ಎಣ್ಣೆಗೆ ಪುನುಗು, ತಿಮಿಂಗಿಲದ ಅಂಬರ್ ಬೆರೆಸುತ್ತಿದ್ದರು. ಈ ಸಲ ಪ್ರಾಣಿಗಳಿಗೆ ಸಂಬಂಧಪಟ್ಟಿದ್ದು ಏನೂ ಇಲ್ಲ, ಶುದ್ಧ ಸಸ್ಯಾಹಾರಿ ಅಭಿಷೇಕ. ದೈವಬಲಕ್ಕೂ ಈಗ ಹಸಿರು ಚುಕ್ಕೆ.

ಕುರ್ಚಿಯ ಕೆಳಗೊಂದು ಕಲ್ಲು. ಸುಮಾರು 152 ಕಿಲೋ ತೂಗುವ ಈ ಸ್ಕೂನ್ ಕಲ್ಲನ್ನು ಎಡಿನ್‌ಬರೋದಿಂದ ಹೊತ್ತು ತಂದಿದ್ದರು. ಬೈಬಲಿನ ಯಾಕೋಬ ಬೇತೇಲ್ ಎಂಬಲ್ಲಿ ತಲೆದಿಂಬು ಮಾಡಿಕೊಂಡು ಮಲಗಿ, ಸ್ವರ್ಗಕ್ಕೆ ಏಣಿ ಹಾಕಿದ ಕನಸು ಕಂಡನಲ್ಲ, ಅದೇ ಕಲ್ಲು ಅಂತ ಐತಿಹ್ಯ. ಭೂವಿಜ್ಞಾನಿಗಳು ನೋಡಿದರೆ ಸ್ಕಾಟ್ಲೆಂಡಿನ ಸ್ಕೂನ್ ಊರಿನ ಆಸುಪಾಸಿನ ಮರಳುಗಲ್ಲು ಅದು. 1950ರ ಕ್ರಿಸ್‌ಮಸ್ ದಿನ ನಾಲ್ಕು ಜನ ವಿದ್ಯಾರ್ಥಿಗಳು ಅದನ್ನು ಅಬೆಯಿಂದ ಕದ್ದೊಯ್ಯುವಾಗ ಎರಡು ಹೋಳಾಯಿತು. ಅಂದಹಾಗೆ, ಬೆಳಗ್ಗೆ ಎದ್ದ ಯಾಕೋಬ ತನ್ನ ಕಲ್ಲಿನ ಮೇಲೆ ಎಣ್ಣೆ ಹೊಯ್ದ ಎಂದು ಆದಿಕಾಂಡದಲ್ಲಿದೆ. ಅಂದರೆ ಹೀಬ್ರೂ ಬೈಬಲಿನಲ್ಲಿ ಮೊದಲು ಎಣ್ಣೆ ಕಂಡದ್ದು ಕಲ್ಲು. ರಾಜರ ಸರದಿ ಬಂದದ್ದು ಆಮೇಲೆ. ಕಲ್ಲಿನ ಬಗ್ಗೆ ಮುಂದೆ ಯಾವ ದೂರೂ ಇಲ್ಲ.

ರಾಜರದು ಶುರುವಾಗುವುದು ಕತ್ತೆಯಿಂದ. ಕೀಷ ಎಂಬುವನ ಕತ್ತೆಗಳು ತಪ್ಪಿಸಿಕೊಂಡವು. ಮಗ ಸೌಲ ಆಳೊಬ್ಬನನ್ನು ಕರೆದುಕೊಂಡು ಹುಡುಕಲು ಹೊರಟ. ಮೂರು ದಿನ ಅಲೆದರೂ ಕತ್ತೆಯ ಸುಳಿವಿಲ್ಲ. ಈ ಊರಲ್ಲೊಬ್ಬ ದೇವರ ಮನುಷ್ಯ ಇದ್ದಾನೆ, ಕೇಳಿ ನೋಡೋಣ ಅಂದ ಆಳು. ಬರಿಗೈಲಿ ಹೋಗೋದು ಹೇಗೆ? ಸೌಲನ ಚೀಲದಲ್ಲಿ ರೊಟ್ಟಿ ಮುಗಿದಿತ್ತು. ಆಳಿನ ಹತ್ತಿರ ಕಾಲು ಶೇಕೆಲ್ ಬೆಳ್ಳಿ ಇತ್ತು. ಇಸ್ರಾಯೇಲಿನ ಮೊದಲ ರಾಜನನ್ನು ದೇವರ ಮನುಷ್ಯನ ಮನೆಬಾಗಿಲಿಗೆ ತಂದದ್ದು ಒಬ್ಬ ಆಳಿನ ಚಿಲ್ಲರೆ ಕಾಸು. ಪಟ್ಟಾಭಿಷೇಕದ ಹಾಡುಗಳಲ್ಲಿ ಆ ಆಳು ಬರುವುದಿಲ್ಲ, ಅವನ ಹೆಸರೂ ಎಲ್ಲೂ ಇಲ್ಲ.

ಮರುದಿನ ಊರಾಚೆ ಆ ದೇವರ ಮನುಷ್ಯ ಸಮುವೇಲ ಆಳನ್ನು ಮುಂದೆ ಕಳಿಸಿ, ಪುಟ್ಟ ಕುಪ್ಪಿಯಿಂದ ಸೌಲನ ತಲೆಗೆ ಎಣ್ಣೆ ಹೊಯ್ದ. ಕ್ಯಾಮೆರಾ ಇಲ್ಲ, ಪರದೆ ಇಲ್ಲ, ಕಸೂತಿಯಲ್ಲಿ ಕಾಮನ್‌ವೆಲ್ತ್ ದೇಶಗಳ 56 ಎಲೆ ಇಲ್ಲ. ಕತ್ತೆ ಸಿಕ್ಕಿವೆಯಂತೆ, ನಿಮ್ಮಪ್ಪನಿಗೆ ಈಗ ನಿನ್ನದೇ ಚಿಂತೆ ಅಂದ. ಸೌಲ ಮನೆಗೆ ಬಂದಾಗ ಚಿಕ್ಕಪ್ಪ, ಸಮುವೇಲ ಏನಂದ ಎಂದು ಕೇಳಿದ. ಕತ್ತೆ ಸಿಕ್ಕಿದವು ಅಂದ, ಅಂದ ಸೌಲ. ರಾಜನಾದ ವಿಷಯ ಬಾಯಿಬಿಡಲಿಲ್ಲ! ರಾಜನನ್ನು ಆರಿಸಲು ಮಿಚ್ಪ ಎಂಬ ಊರಲ್ಲಿ ಚೀಟಿ ಎತ್ತಿ ಅವನ ಹೆಸರು ಬಂದಾಗ ಅವನೇ ಇಲ್ಲ. ಹುಡುಕಿದರೆ ಸಾಮಾನು ಸರಂಜಾಮಿನ ಹಿಂದೆ ಅಡಗಿದ್ದ. ಟಿಕೆಟ್ ಘೋಷಣೆಯ ದಿನ ಲಗೇಜಿನ ಹಿಂದೆ ಅಡಗಿ ಕೂತ ಅಭ್ಯರ್ಥಿಯನ್ನು ಆಮೇಲೆ ಯಾವ ದೇಶದಲ್ಲಿ ಕಂಡಿದ್ದೀರಿ?

ಆ ಪುಸ್ತಕಗಳಲ್ಲಿ ದೈವಬಲ ಅಂದರೆ ನಮ್ಮ ಹಳ್ಳಿಯವರ ಮಾತಿನ 'ಮೈಮೇಲೆ ಬರುವುದು'. ಇಸ್ರಾಯೇಲಿನ ದೇವರು ಯೆಹೋವನ ಆತ್ಮ, ರಾಜರಿಗೂ ಮುಂಚಿನ ಪಡೆನಾಯಕ ಗಿದ್ಯೋನನನ್ನು ಅಂಗಿಯಂತೆ ತೊಟ್ಟುಕೊಂಡಿತು ಎನ್ನುತ್ತದೆ ಹೀಬ್ರೂ ಮೂಲ. ಅಂಗಿ ಗಿದ್ಯೋನ, ತೊಟ್ಟವನು ದೇವರು. ತೊಟ್ಟವರು ಕಳಚಲೂಬಹುದಲ್ಲ? ಈ ಚಿಕ್ಕ ಅಂಶವನ್ನು ನಂತರದ ಅಭಿಷಿಕ್ತರೆಲ್ಲ ಮರೆತರು. ಸೌಲನನ್ನು ಬಿಟ್ಟು ಆತ್ಮ ಹೊರಟುಹೋಯಿತು. ಆಮೇಲೊಮ್ಮೆ ಅದೇ ಮತ್ತೆ ಮೈಮೇಲೆ ಬಂದಾಗ ಬಟ್ಟೆ ಕಿತ್ತೆಸೆದು ಹಗಲೂ ರಾತ್ರಿ ಸಮುವೇಲನೆದುರು ಬೆತ್ತಲೆ ಬಿದ್ದಿದ್ದ. ಕೂದಲಲ್ಲೇ ಬಲವಿದ್ದ ಸಂಸೋನನದು ಇನ್ನೂ ಪಾಪ. ಕೂದಲು ಬೋಳಿಸಿದ ಮೇಲೂ ಹಿಂದಿನಂತೆಯೇ ಮೈ ಕೊಡವಿಕೊಂಡು ಎದ್ದುಬಿಡುತ್ತೇನೆ ಅಂದುಕೊಂಡ. ಯೆಹೋವ ತನ್ನನ್ನು ಬಿಟ್ಟುಹೋದದ್ದು ಅವನಿಗೆ ಗೊತ್ತೇ ಇರಲಿಲ್ಲ. ಮಾಜಿಯಾದದ್ದು ಗೊತ್ತಿಲ್ಲದ ಮಾಜಿಗಳು ಅಂದೂ ಇದ್ದರು.

ಲಂಡನ್ನಿನಲ್ಲಿ ಎಣ್ಣೆ ಹಚ್ಚುವಾಗ ಹಾಡುವುದು ಹ್ಯಾಂಡೆಲ್ 1727ರಲ್ಲಿ ಕಟ್ಟಿದ ಹಾಡು: ಯಾಜಕ ಚಾದೋಕನೂ ಪ್ರವಾದಿ ನಾತಾನನೂ ಸೊಲೊಮೋನನಿಗೆ ಅಭಿಷೇಕ ಮಾಡಿದರು, ಜನ ಹರ್ಷಿಸಿದರು. ಬಹಳ ಗಂಭೀರ. ಆದರೆ ಮೂಲದಲ್ಲಿ ಅದೊಂದು ಓಟದ ಸ್ಪರ್ಧೆ. ಅಣ್ಣ ಅದೋನೀಯ ಊರಾಚೆ ಬುಗ್ಗೆಯ ಬಳಿ ದಂಡನಾಯಕನನ್ನೂ ಇನ್ನೊಬ್ಬ ಯಾಜಕನನ್ನೂ ಗುಡ್ಡೆಹಾಕಿಕೊಂಡು ಬಾಡೂಟ ಹಾಕಿಸಿದ್ದ, ರೆಸಾರ್ಟ್ ಅನ್ನಿ. ಸುದ್ದಿ ಸಿಕ್ಕಿದ್ದೇ ನಾತಾನನ ಬಣ ಮುದುಕ ರಾಜ ದಾವೀದನ ಒಪ್ಪಿಗೆ ಪಡೆದು, ಸೊಲೊಮೋನನನ್ನು ಅಪ್ಪನ ಹೇಸರಗತ್ತೆ ಮೇಲೆ ಹತ್ತಿಸಿ, ಗೀಹೋನಿಗೆ ಕರೆದೊಯ್ದು ಎಣ್ಣೆ ಹೊಯ್ದಿತು. ಕೊಂಬಿನ ಸದ್ದು ಕೇಳಿದ ಅತಿಥಿಗಳು ಎಂಜಲು ಕೈಯಲ್ಲೇ ದಿಕ್ಕಾಪಾಲು. ಈ ಅರ್ಧವನ್ನು ಹ್ಯಾಂಡೆಲ್ ಹಾಡಿಸಿಲ್ಲ.

ಅಮೆರಿಕದವರು ರಾಜ ಬೇಡವೆಂದೇ ದೇಶ ಕಟ್ಟಿದವರು. ಅವರಿಗೂ ಈಗ ಅಭಿಷಿಕ್ತ ಬೇಕು. ಬೈಬಲಿನ ಯೆಶಾಯನ ಪುಸ್ತಕದ 45ನೇ ಅಧ್ಯಾಯದಲ್ಲಿ ಯೆಹೋವ ಪರ್ಷಿಯದ ದೊರೆ ಕೋರೆಷನನ್ನು (ಇಂಗ್ಲಿಷಿನವರ ಸೈರಸ್) 'ನನ್ನ ಅಭಿಷಿಕ್ತ' ಎಂದು ಕರೆಯುತ್ತಾನೆ. ಟ್ರಂಪ್ 45ನೇ ಅಧ್ಯಕ್ಷ. ಇನ್ನೇನು ಬೇಕು? ಭಕ್ತರು ಕೂಡಿಸಿ ಕಳೆದು ಲೆಕ್ಕ ಸರಿಮಾಡಿಬಿಟ್ಟರು. 'ನೀನು ನನ್ನನ್ನು ಅರಿಯದಿದ್ದರೂ' ಎಂದು ಕೋರೆಷನಿಗೆ ಅಲ್ಲಿ ಎರಡೆರಡು ಸಲ ಹೇಳಲಾಗಿದೆ. ಈ ಮಾತು ತಮ್ಮ ನಾಯಕನಿಗೆ ಚೆನ್ನಾಗಿ ಒಪ್ಪುತ್ತದೆ ಎಂದು ಅವರೇ ಅಂದುಕೊಂಡರು, ನಾನಲ್ಲ. 2018ರಲ್ಲಿ ನೆತನ್ಯಾಹು ಶ್ವೇತಭವನದಲ್ಲೇ ಕೋರೆಷನ ಸಾಲಿಗೆ ಟ್ರಂಪರನ್ನು ಸೇರಿಸಿದರು; ಅದೇ ವರ್ಷ ಜೆರುಸಲೇಮಿನ ಸಂಸ್ಥೆಯೊಂದು ಇಬ್ಬರ ಮುಖವನ್ನೂ ಒಂದೇ ನಾಣ್ಯದ ಮೇಲೆ ಅಚ್ಚುಹಾಕಿಸಿತು. 2024ರಲ್ಲಿ ಟ್ರಂಪ್ ತಾವೇ 59.99 ಡಾಲರಿನ ಬೈಬಲಿಗೆ ಪ್ರಚಾರಕರಾದರು. ಕಾಲು ಶೇಕೆಲಿಗೆ ಮುಗಿಯುತ್ತಿದ್ದ ಕೆಲಸ.

2025ರ ಜನವರಿ 20ರಂದು, ಅಮೆರಿಕವನ್ನು ಮತ್ತೆ ದೊಡ್ಡದಾಗಿಸಲೆಂದು ದೇವರೇ ತಮ್ಮನ್ನು ಉಳಿಸಿದ ಎಂದು ಹೇಳಿ ಅವರು 47ನೇ ಅಧ್ಯಕ್ಷರಾದರು. ಅಧ್ಯಾಯ ನೋಡಿ ಅಧ್ಯಕ್ಷರನ್ನು ಗುರುತಿಸುವವರು ಈಗ ಪುಟ ತಿರುಗಿಸಬೇಕಲ್ಲವೇ? ನಾನು ತಿರುಗಿಸಿದೆ. ಯೆಶಾಯನ 47 ಶುರುವಾಗುವುದು ಹೀಗೆ: ಬಾಬೆಲೇ, ಕೆಳಗಿಳಿ, ಧೂಳಿನಲ್ಲಿ ಕೂತುಕೋ, ಸಿಂಹಾಸನವಿಲ್ಲ, ನೆಲದ ಮೇಲೆ ಕೂತುಕೋ. ಆ ಲೆಕ್ಕವನ್ನು ಮಾತ್ರ ಯಾರೂ ಎತ್ತುತ್ತಿಲ್ಲ.

ಕೋರೆಷನೂ ಸಾಮಾನ್ಯನಲ್ಲ. ಅವನ ಹೆಸರಿನ ಮಣ್ಣಿನ ಉರುಳೆಯೊಂದು 1879ರಲ್ಲಿ ಬಾಬಿಲೋನಿನಲ್ಲಿ ಸಿಕ್ಕಿ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, ಚಾರ್ಲ್ಸ್ ಎಣ್ಣೆ ಹಚ್ಚಿಸಿಕೊಂಡ ಜಾಗದಿಂದ ಎರಡು ಮೂರು ಕಿಲೋಮೀಟರ್ ದೂರ ಅಷ್ಟೆ. ಅದರಲ್ಲಿ ಯೆಹೋವನ ಸುದ್ದಿಯೇ ಇಲ್ಲ. ಎಲ್ಲ ದೇಶಗಳನ್ನೂ ಜಾಲಾಡಿ ತನ್ನ ಕೈಹಿಡಿದವನು ಬಾಬಿಲೋನಿನ ದೇವರು ಮಾರ್ದೂಕ ಅನ್ನುತ್ತದೆ ಉರುಳೆ. ಯೆಹೂದ್ಯರ ಪುಸ್ತಕದಲ್ಲಿ ಯೆಹೋವನ ಅಭಿಷಿಕ್ತ, ಬಾಬಿಲೋನಿನವರ ಜೇಡಿಮಣ್ಣಿನಲ್ಲಿ ಮಾರ್ದೂಕನ ಆಯ್ಕೆ. ಊರು ಬದಲಾದಂತೆ ಊರದೇವರಿಗೆ ಕೈಮುಗಿಯುವ ಕಲೆ ಎರಡೂವರೆ ಸಾವಿರ ವರ್ಷ ಹಳೆಯದು.

ಸಮುವೇಲ ಎಣ್ಣೆ ಕುಪ್ಪಿ ತೆಗೆಯುವ ಮೊದಲೇ ಜನರೆದುರು ಒಂದು ಪಟ್ಟಿ ಓದಿದ್ದ. ರಾಜ ಬೇಕೇ? ಅವನು ನಿಮ್ಮ ಗಂಡುಮಕ್ಕಳನ್ನು ರಥದ ಮುಂದೆ ಓಡಿಸುತ್ತಾನೆ. ಹೆಣ್ಣುಮಕ್ಕಳನ್ನು ಸುಗಂಧ ಅರೆಯಲು, ಅಡಿಗೆ ಮಾಡಲು, ರೊಟ್ಟಿ ಸುಡಲು ಹಿಡಿಯುತ್ತಾನೆ. ಒಳ್ಳೊಳ್ಳೆಯ ಹೊಲ, ಆಲಿವ್ ತೋಪು ಕಿತ್ತು ತನ್ನವರಿಗೆ ಕೊಡುತ್ತಾನೆ. ಬೆಳೆಯಲ್ಲಿ ಹತ್ತನೇ ಒಂದು ಪಾಲು. ನಿಮ್ಮ ಕತ್ತೆಗಳೂ ಅವನವೇ. ಆಮೇಲೆ ನೀವು ಗೋಳಾಡಿದರೆ ಯೆಹೋವ ಕೇಳಿಸಿಕೊಳ್ಳುವುದಿಲ್ಲ. ಜನ ಒಮ್ಮತದಿಂದ ಹೇಳಿದರು: ಇರಲಿ, ಕೊಡು. (ಸಮುವೇಲನ ಮಕ್ಕಳೇ ಲಂಚ ತಿನ್ನುತ್ತಿದ್ದರು ಎಂಬುದನ್ನೂ ಅದೇ ಪುಸ್ತಕ ಮುಚ್ಚಿಟ್ಟಿಲ್ಲ, ಜನರ ಆತುರಕ್ಕೆ ಕಾರಣ ಇತ್ತು.) ಹೀಗೆ ತಪ್ಪಿಸಿಕೊಂಡ ಕತ್ತೆ ಹುಡುಕುತ್ತ ಬಂದವನಿಗೇ ಊರಿನ ಕತ್ತೆಗಳೆಲ್ಲ ಬರೆದುಕೊಟ್ಟಂತಾಯಿತು.

ಗಿದ್ಯೋನನೂ ನೆನಪಾಗುತ್ತಾನೆ. ನಾನು ಆಳುವುದಿಲ್ಲ, ನನ್ನ ಮಗನೂ ಆಳುವುದಿಲ್ಲ ಎಂದು ಸಿಂಹಾಸನವನ್ನು ಒದ್ದವನು. ಒದ್ದಾದ ಮೇಲೆ ಲೂಟಿಯಿಂದ ಆಳಿಗೊಂದು ಮುರುವು ಕೊಡಿ ಸಾಕು ಅಂದ. 1,700 ಶೇಕೆಲ್ ಚಿನ್ನ ಕೂಡಿತು. ಮಗನೊಬ್ಬನಿಗೆ ಅಬೀಮೆಲೆಕ ಅಂತ ಹೆಸರಿಟ್ಟ. ಅರ್ಥ: ನಮ್ಮಪ್ಪ ರಾಜ.

ಆ ಮಗ ದೇಗುಲದ ಹುಂಡಿಯಿಂದ 70 ಬೆಳ್ಳಿ ನಾಣ್ಯ ಎತ್ತಿ, ಪುಂಡರನ್ನು ಸಾಕಿ, 70 ಅಣ್ಣತಮ್ಮಂದಿರನ್ನು ಒಂದೇ ಕಲ್ಲಿನ ಮೇಲೆ ಕೊಲ್ಲಲು ಹೋದ. ಕಿರಿಯವ ಯೋತಾಮ ಹೇಗೋ ತಪ್ಪಿಸಿಕೊಂಡು ಗೆರಿಜೀಮ್ ಬೆಟ್ಟದ ತುದಿ ಹತ್ತಿ, ಅಬೀಮೆಲೆಕನ ಪಟ್ಟಾಭಿಷೇಕ ಮುಗಿಸಿದ ಶೆಕೆಮ್ ಊರಿನವರಿಗೆ ಕೂಗಿ ಕಥೆ ಹೇಳಿದ. ಮರಗಳೆಲ್ಲ ಸೇರಿ ಒಬ್ಬ ರಾಜನಿಗೆ ಅಭಿಷೇಕ ಮಾಡಲು ಹೊರಟವು. ಆಲಿವ್ ಮರ, ಎಣ್ಣೆ ಬಿಡುವುದು ಬಿಟ್ಟು ನಿಮ್ಮ ಮೇಲೆ ತೂಗಾಡುತ್ತ ಕೂರಲೇ, ಬೇಡ ಅಂದಿತು. ಅಂಜೂರ ಒಲ್ಲೆ ಅಂದಿತು, ದ್ರಾಕ್ಷಿಯೂ ಒಲ್ಲೆ ಅಂದಿತು. ಕೊನೆಗೆ ಮುಳ್ಳುಪೊದೆಯನ್ನು ಕೇಳಿದರು. ಅದು ತಯಾರಾಗಿಯೇ ಕೂತಿತ್ತು. ಬನ್ನಿ, ನನ್ನ ನೆರಳಿನಲ್ಲಿ ಆಶ್ರಯ ಪಡೆಯಿರಿ. ಬಾರದಿದ್ದರೆ ನನ್ನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರುಗಳನ್ನು ಸುಡಲಿ ಅಂದಿತು.

ಮೊಣಕಾಲೆತ್ತರದ ಪೊದೆಯ ನೆರಳಿಗೆ ಅಷ್ಟುದ್ದದ ದೇವದಾರು ಹೇಗೆ ನುಗ್ಗೀತೆಂದು ಯೋತಾಮ ಹೇಳಲಿಲ್ಲ. ಕಥೆ ಮುಗಿಸಿ, ಎರಡು ಮಾತು ಚುಚ್ಚಿ, ಬೇರ್ ಎಂಬ ಊರಿಗೆ ಓಟ ಕಿತ್ತ. ನಾನೂ ಇದನ್ನು ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ.