ಕೋಲದಲ್ಲಾದರೆ ಕೇಳಬಹುದು

ರಜೆಗೆ ಉಡುಪಿಗೆ ಹೋದ ದಿನ, ಕಾಪಿ ಲೋಟ ಕೈಗೆ ಬರುವ ಮೊದಲೇ ಅಕ್ಕ ಒಂದು ಕಾಗದ ತಂದಿಟ್ಟಳು. ಅವಳು ಮಂಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡುವವಳು. ನಮ್ಮ ಕಡೆಯ ಕೆಲವು ಮನೆಗಳಲ್ಲಿ ತಲೆತಲಾಂತರದಿಂದ ಬರುವ ಕಿವುಡುತನಕ್ಕೆ ಜಿಜೆಬಿ2 ಜೀನ್ ಬಿಟ್ಟು ಬೇರೆ ಕಾರಣ ಉಂಟಾ ಅಂತ ಹುಡುಕಲು ಸರ್ಕಾರಿ ಸಂಸ್ಥೆಯೊಂದಕ್ಕೆ ಹಣ ಕೇಳಿ ಪ್ರಪೋಸಲ್ ಕಳಿಸಿದ್ದಳು. 14 ತಿಂಗಳ ಮೇಲೆ ಬಂದ ಉತ್ತರ ಒಂದೇ ಸಾಲು: ಶಿಫಾರಸು ಮಾಡಲಾಗಿಲ್ಲ.

"ಎಂತಕ್ಕೆ ಅಂತ ಹೇಳುವವರೇ ಇಲ್ಲ ಮಾರಾಯ. ಭೂತಕೋಲದಲ್ಲಾದ್ರೆ ದೈವದ ಎದುರು ನಿಂತು ಕೇಳ್ಬಹುದು" ಅಂದಳು.

ನಾನು ಇರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ. ಅಲ್ಲಿನ ಬೆಥೆಸ್ಡಾದಲ್ಲಿ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್ ಉಂಟು, ಮಾನವ ಜೀನೋಮ್ (ಮನುಷ್ಯನ ಜೀನುಗಳ ಇಡೀ ಕಟ್ಟು) ಸಂಶೋಧನೆಗೆ ಹಣ ಕೊಡುವ ಎನ್‌ಎಚ್‌ಜಿಆರ್‌ಐ ಅದರದ್ದೇ ಒಂದು ಕವಲು. ಅಲ್ಲಿಗೆ ಹಾಕಿದ ಅರ್ಜಿ ಮೊದಲು ಹೊರಗಿನ ವಿಜ್ಞಾನಿಗಳ ಸಮಿತಿಗೆ ಹೋಗುತ್ತದೆ. ಸಾಮಾನ್ಯವಾಗಿ ಮೂವರು ಓದಿ 1ರಿಂದ 9ರ ಒಳಗೆ ಅಂಕ ಹಾಕುತ್ತಾರೆ. 1 ಅಂದರೆ ಉತ್ತಮ, ನಮ್ಮ ಶಾಲೆಯ ಲೆಕ್ಕಕ್ಕೆ ಉಲ್ಟಾ. ಹಿಂದೆ ಬಿದ್ದ ಅರ್ಧದಷ್ಟೋ ಅದಕ್ಕೂ ಹೆಚ್ಚೋ ಅರ್ಜಿಗಳ ಮೇಲೆ ಚರ್ಚೆಯೇ ಇಲ್ಲ. ಉಳಿದದ್ದಕ್ಕೆ ಇಡೀ ಸಮಿತಿ ಅಂಕ ಹಾಕಿ, ಸರಾಸರಿ ತೆಗೆದು ಹತ್ತರಿಂದ ಗುಣಿಸುತ್ತದೆ. ಅರ್ಜಿದಾರ ತನ್ನದೇ ವಿಭಾಗದವನಾದರೆ ಆ ಸದಸ್ಯ ಕೋಣೆಯಿಂದ ಎದ್ದು ಹೊರಗೆ ಹೋಗಬೇಕು. ಆಮೇಲೆ ವರ್ಷಕ್ಕೆ ಮೂರು ಸಲ ಸೇರುವ ಸಲಹಾ ಮಂಡಳಿ, ಕೊನೆಗೆ ನಿರ್ದೇಶಕರ ನಿರ್ಧಾರ.

ಇದೆಲ್ಲ ಇರಲಿ. ನನಗೆ ಹಿಡಿಸಿದ್ದು ಬೇಡ ಎನ್ನುವ ರೀತಿ. ಚರ್ಚೆಗೇ ಬಾರದ ಅರ್ಜಿಗೂ ಮೂವರು ಬರೆದ ಟೀಕೆ ಮನೆಗೆ ಬರುತ್ತದೆ. ನನ್ನ ಮೊದಲ ಅರ್ಜಿ ಹಾಗೆಯೇ ಬಿದ್ದದ್ದು. ಟೀಕೆಯನ್ನು ರಾತ್ರಿ ಕೂತು ಓದಿದೆ. ನಾನು ಆರಿಸಿದ ಸ್ಯಾಂಪಲ್ಲಿನ ಸಂಖ್ಯೆ ಸಾಲದು, ಜೀನಿನಲ್ಲಿ ಸಿಕ್ಕಿದ ವ್ಯತ್ಯಾಸ ನಿಜವಾಗಿ ತೊಂದರೆ ಕೊಡುವಂಥದ್ದೇ ಅಂತ ಪರೀಕ್ಷಿಸುವ ದಾರಿ ಬರೆದಿಲ್ಲ, ಹೀಗೆ. ಮುಖಕ್ಕೆ ಬಡಿದ ಹಾಗಾಯಿತು, ಆದರೆ ಓದಿದ್ದಾರೆ ಎಂಬ ಒಂದು ಸಮಾಧಾನ. ತಿದ್ದಿ ಇನ್ನೊಂದು ಸಲ ಹಾಕಬಹುದು, ಅದಕ್ಕೆ 37 ತಿಂಗಳ ಅವಕಾಶ. ಅಕ್ಕ ಏನನ್ನು ತಿದ್ದಬೇಕು? ಅಕ್ಷರದ ಫಾಂಟನ್ನೇ?

ಊರಲ್ಲಿ ಬುದ್ಧಿವಂತರಿಗೆ ಬರ ಇಲ್ಲ. ಊರ ಅಂಗಡಿಯ ಗೋಳಿಬಜೆ ತಿಂದು, ಸರಿ ಇಲ್ಲದಿದ್ದರೆ ಎಣ್ಣೆಯೋ ಮೊಸರೋ ಅಂತ ಬಿಡಿಸಿ ಹೇಳುವ ಜನ ನಾವು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದು ಭಾಗವತರ ಒಂದೊಂದು ಪದ್ಯಕ್ಕೂ ತಪ್ಪು ತೆಗೆಯುತ್ತೇವೆ. ಅಂಥವರೇ ಸಮಿತಿಯಲ್ಲಿ ಕೂತರೆ ನಾಲ್ಕು ಸಾಲು ಬರೆಯಲು ಪೆನ್ನು ಯಾಕೆ ಏಳುವುದಿಲ್ಲ? ನನಗಂತೂ ಇದು ಸಿಟ್ಟು ಬರಿಸುವ ಸಂಗತಿ.

ಇಷ್ಟು ಹೇಳಿದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಬೇಕಾಗುತ್ತದೆ. ಜೀನೋಮ್ ಇಂಡಿಯಾ ಯೋಜನೆಯಲ್ಲಿ 20 ಸಂಸ್ಥೆಗಳು ಸೇರಿ 10,000 ಜನರ ಜೀನೋಮ್ ಓದಿದವು, 2025ರ ಜನವರಿಯಲ್ಲಿ ಅದರ ದತ್ತಾಂಶ ಸಂಶೋಧಕರಿಗೆ ತೆರೆಯಿತು. ಅದರ ಹಣವೂ ನಮ್ಮ ಸರ್ಕಾರದ್ದೇ, ಜೈವಿಕ ತಂತ್ರಜ್ಞಾನ ಇಲಾಖೆಯದ್ದು. ಇತ್ತ ಅದೇ ವರ್ಷ ಎನ್‌ಐಎಚ್‌ನಲ್ಲಿ ಅಂಕ, ಮಂಡಳಿ ಎಲ್ಲ ದಾಟಿ ಮಂಜೂರಾಗಿದ್ದ ಸಾವಿರಾರು ಅನುದಾನಗಳನ್ನು ನಡುವೆಯೇ ನಿಲ್ಲಿಸಿದರು. ಎಷ್ಟೋ ಜನರಿಗೆ ಬಂದದ್ದು ಒಂದೇ ಒಕ್ಕಣೆಯ ಪತ್ರ, ಸಂಸ್ಥೆಯ ಆದ್ಯತೆಗೆ ಹೊಂದುವುದಿಲ್ಲ ಅಂತ. ಅಕ್ಕನ ಕಾಗದಕ್ಕಿಂತ ಅದು ಒಂದೆರಡು ಸಾಲು ಉದ್ದ, ಅಷ್ಟೆ. ಇನ್ನು ನನ್ನ ಮೂವರು ಟೀಕಾಕಾರರಲ್ಲಿ ಒಬ್ಬರು ಹೊಗಳಿದ್ದನ್ನೇ ಮೂರನೆಯವರು ತೆಗಳಿದ್ದರು. ತಿದ್ದಿ ಹಾಕಿದ ಮೇಲೂ ನನಗೆ ದುಡ್ಡು ಬರಲಿಲ್ಲ.

ಅಕ್ಕ ಹೊಸ ಪ್ರಪೋಸಲ್ ಬರೆಯುತ್ತಿದ್ದಾಳೆ. ನೋಡಿ ಕಲಿಯಲಿ ಅಂತ ನನ್ನ ಹಳೆಯ ಟೀಕೆಯ ಪುಟಗಳನ್ನು ಇಲ್ಲಿಂದ ಕಳಿಸಿದೆ. ಎರಡು ದಿನ ಬಿಟ್ಟು ಅವಳ ವಾಟ್ಸಾಪ್ ಬಂತು: "ಓದಿದೆ. ಈ ಮೂರನೇಯವರು ನಮ್ಮ ಕಮಿಟಿಯಲ್ಲೂ ಇದ್ದಾರೆ ಮಾರಾಯ, ಬರೆಯುದಿಲ್ಲ ಅಷ್ಟೆ."