ಸಾರ್ಕ್‌ಗೆ ನನ್ನನ್ನೂ ಕಳಿಸಿ

ಯಾರಾದರೂ ಕೇಳಿದರೆ ನನಗೆ ಬೇಕಾಗಿರುವುದು ಒಂದೇ ಕೆಲಸ. ನಿಗಮ ಮಂಡಳಿ ಅಧ್ಯಕ್ಷಗಿರಿ ಬೇಡ, ಆ ಕ್ಯೂ ತುಂಬಾ ಉದ್ದ. ನನ್ನನ್ನು ಕಠ್ಮಂಡುವಿಗೆ ಕಳಿಸಿ, ಸಾರ್ಕ್‌ಗೆ ಅಂದರೆ ದಕ್ಷಿಣ ಏಷ್ಯಾ ದೇಶಗಳ ಸಹಕಾರ ಕೂಟಕ್ಕೆ, ವೀಕ್ಷಕ ರಾಯಭಾರಿ ಮಾಡಿ, ಸಾಕು. ಭಾರತ ಸದಸ್ಯ ದೇಶ, ವೀಕ್ಷಕ ಆಗಲು ಬರುವುದಿಲ್ಲ ಅಂತ ಗೊತ್ತು. ಮಾರಿಷಸ್ ಕಡೆಯಿಂದ ಕಳಿಸಿದರೂ ಹೋಗುತ್ತೇನೆ.

ಲೆಕ್ಕ ನೋಡಿ. ಸಾರ್ಕ್‌ನಲ್ಲಿ ಸದಸ್ಯ ದೇಶಗಳು 8. ವೀಕ್ಷಕರು 9: ಚೀನಾ, ಅಮೆರಿಕ, ಜಪಾನ್, ಇರಾನ್, ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ, ಮ್ಯಾನ್ಮಾರ್, ಐರೋಪ್ಯ ಒಕ್ಕೂಟ, ಜೊತೆಗೆ ನಮ್ಮ ಮಾರಿಷಸ್. ಆಡುವವರಿಗಿಂತ ನೋಡುವವರೇ ಒಬ್ಬರು ಜಾಸ್ತಿ. ಆಟ ಮಾತ್ರ 2014ರ ನವೆಂಬರ್‌ನಲ್ಲೇ ನಿಂತಿದೆ. ಅವತ್ತು ಕಠ್ಮಂಡುವಿನಲ್ಲಿ 18ನೇ ಶೃಂಗಸಭೆ ಆಯಿತು, ಮೂರು ಒಪ್ಪಂದ ಆಗಬೇಕಿದ್ದ ಕಡೆ ಕರೆಂಟಿನದ್ದೊಂದು ಆಯಿತು, ಮೋದಿ ಮತ್ತು ಪಾಕಿಸ್ತಾನದ ಆಗಿನ ಪ್ರಧಾನಿ ನವಾಜ್ ಷರೀಫ್ ಕೊನೇ ಗಳಿಗೆಯಲ್ಲಿ ಕೈಕುಲುಕಿದರು, ಫೋಟೋ ಬಂತು. 19ನೆಯದು 2016ರಲ್ಲಿ ಇಸ್ಲಾಮಾಬಾದ್‌ನಲ್ಲಿ ಆಗಬೇಕಿತ್ತು. ಉರಿ ದಾಳಿಯ ನಂತರ ಭಾರತ ಹೋಗಲಿಲ್ಲ. ಹೋಗಬೇಕಿತ್ತು ಅಂತ ನಾನೂ ಹೇಳುತ್ತಿಲ್ಲ. ಆದರೆ ಅಂದಿನಿಂದ ಅಧ್ಯಕ್ಷತೆ ನೇಪಾಳದ ಕೈಯಲ್ಲೇ ಉಳಿದಿದೆ. ಆ ದೇಶದಲ್ಲಿ ಪ್ರಧಾನಿಗಳು ಸಿಟಿ ಬಸ್ಸಿನ ಪ್ರಯಾಣಿಕರ ಹಾಗೆ ಹತ್ತಿ ಇಳಿಯುತ್ತಿದ್ದಾರೆ, ಅಲುಗಾಡದೇ ಇರುವುದು ಸಾರ್ಕ್ ಅಧ್ಯಕ್ಷ ಪೀಠ ಒಂದೇ.

ಇದರ ಸನ್ನದು ಬರೆದವರಿಗೆ ಒಂದು ನಮಸ್ಕಾರ ಹಾಕಲೇಬೇಕು. ನಾಯಕರು ವರ್ಷಕ್ಕೊಮ್ಮೆಯಾದರೂ ಸೇರಬೇಕು ಅಂತ ಬರೆದರು. 1985ರಿಂದ ಇಲ್ಲಿಯವರೆಗೆ ಸೇರಿದ್ದು 18 ಸಲ. ಎಲ್ಲ ತೀರ್ಮಾನವೂ ಒಮ್ಮತದಿಂದಲೇ ಆಗಬೇಕು ಅಂತ ಬರೆದರು, ಅಂದರೆ ಎಂಟರಲ್ಲಿ ಒಬ್ಬರು ಮುಖ ಊದಿಸಿಕೊಂಡರೆ ಸಭೆ ಬರಖಾಸ್ತು. ಅಷ್ಟು ಸಾಲದು ಅಂತ, ಇಬ್ಬರ ನಡುವಿನ ವಿಷಯ ಮತ್ತು ತಕರಾರಿನ ವಿಷಯ ಇಲ್ಲಿ ಎತ್ತುವ ಹಾಗಿಲ್ಲ ಅಂತಲೂ ಸೇರಿಸಿದರು. ಆಸ್ತಿ ಪಾಲಿಗೆ ಕಿತ್ತಾಡುತ್ತಿರುವ ಅಣ್ಣತಮ್ಮಂದಿರನ್ನು ಪಂಚಾಯ್ತಿಗೆ ಕರೆದು, ಆಸ್ತಿ ಒಂದು ಬಿಟ್ಟು ಬೇರೆ ಏನಾದರೂ ಮಾತಾಡಿ, ಬೇಕಿದ್ದರೆ ಮಳೆ ಬೆಳೆ ಬಗ್ಗೆ ಮಾತಾಡಿ ಅಂದ ಹಾಗೆ ಇದು.

ಹಾಗಾಗಿ ಮಾತು ಕುರ್ಚಿಗೆ ಬಂದು ನಿಂತಿದೆ. ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆ ಸಭೆ ನಡೆಯುವಾಗ ಪಕ್ಕದಲ್ಲೇ ಸಾರ್ಕ್ ವಿದೇಶಾಂಗ ಮಂತ್ರಿಗಳೂ ಸೇರುವ ರೂಢಿ ಇತ್ತು. 2018ರಲ್ಲಿ ಸುಷ್ಮಾ ಸ್ವರಾಜ್ ತಮ್ಮ ಭಾಷಣ ಮುಗಿಸಿ ಎದ್ದು ಹೋದರು. 2019ರಲ್ಲಿ ಜೈಶಂಕರ್ ಮಾತಾಡಿ ಹೋಗುವ ತನಕ ಪಾಕಿಸ್ತಾನದ ಖುರೇಷಿ ಒಳಗೇ ಬರಲಿಲ್ಲ. ಬಾಡಿಗೆ ಮನೆಯ ಒಂದೇ ಬಚ್ಚಲಿಗೆ ಸರದಿ ಹಾಕಿಕೊಂಡವರ ಹಾಗೆ. 2021ರಲ್ಲಿ ಅಫ್ಘಾನಿಸ್ತಾನದ ಕುರ್ಚಿಯಲ್ಲಿ ತಾಲಿಬಾನ್ ಕೂರಬೇಕಾ, ಕುರ್ಚಿ ಖಾಲಿ ಇರಬೇಕಾ ಅಂತ ಜಗಳ ಹತ್ತಿ ಸಭೆಯೇ ರದ್ದಾಯಿತು.

ಈಚೆಗೆ ಸಾರ್ಕ್ ಹೆಸರು ನಮ್ಮ ಟೀವಿಯಲ್ಲಿ ಜೋರಾಗಿ ಕೇಳಿದ್ದು 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ಮರುದಿನ ಪಾಕಿಸ್ತಾನದವರಿಗೆ ಸಾರ್ಕ್ ವೀಸಾ ವಿನಾಯಿತಿ ರದ್ದು ಮಾಡಿದಾಗ. ಹಾಗೊಂದು ಸೌಲಭ್ಯ ಇತ್ತು ಅಂತ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಾಗಿದ್ದೇ ಅದು ಹೋದ ದಿನ.

ಇಷ್ಟಾದರೂ ಕಠ್ಮಂಡುವಿನ ತ್ರಿದೇವಿ ಮಾರ್ಗದ ಸಚಿವಾಲಯಕ್ಕೆ ಬೀಗ ಬಿದ್ದಿಲ್ಲ. ಮಹಾ ಕಾರ್ಯದರ್ಶಿ ಇದ್ದಾರೆ, ನಿರ್ದೇಶಕರು ಇದ್ದಾರೆ, ಡಿಸೆಂಬರ್ 8ಕ್ಕೆ ಸಾರ್ಕ್ ದಿನ ಇದೆ. ಗಂಡು ಹೆಣ್ಣು ಇಬ್ಬರೂ ಬಾರದ ಛತ್ರದಲ್ಲಿ ಓಲಗದವರು ಮಾತ್ರ ಟೈಮಿಗೆ ಸರಿಯಾಗಿ ಬಂದು ಕೂತಿದ್ದಾರೆ. ಇನ್ನು ವೀಕ್ಷಕನ ಕೆಲಸ ಎಷ್ಟು ಹಗುರ ಅಂತ ನೀವೇ ಊಹಿಸಿ. ನೋಡಲು ಏನೂ ಇಲ್ಲದ ಕಡೆ ನೋಡುತ್ತಾ ಇರಬೇಕು, ಅಷ್ಟೇ. ನಮ್ಮ ಬಡಾವಣೆ ಸಂಘದಲ್ಲಿ ಆರು ವರ್ಷ ಸುಮ್ನೆ ಕೂತ ಅನುಭವ ನನಗಿದೆ.

ಇನ್ನೊಂದು ಅರ್ಹತೆಯೂ ಉಂಟು. ಈ ಸಚಿವಾಲಯ ಶುರು ಮಾಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು ನಮ್ಮ ಬೆಂಗಳೂರಿನಲ್ಲೇ, 1986ರ ನವೆಂಬರ್‌ನ ಎರಡನೇ ಶೃಂಗಸಭೆಯಲ್ಲಿ. ಆ ಹಕ್ಕಿನಿಂದಲೇ ಅರ್ಜಿ ಹಾಕುತ್ತಿದ್ದೇನೆ. ಸಂಬಳ ಎಷ್ಟಾದರೂ ಸರಿ. ಕೂರಲು ಒಂದು ಒಳ್ಳೆ ಕುರ್ಚಿ ಕೊಡಿ. ಅದರಲ್ಲಿ ಯಾರು ಕೂರಬೇಕು ಅಂತ ಜಗಳ ಬಂದರೆ ನಾನು ನಿಂತೇ ಇರುತ್ತೇನೆ, ನನಗೇನೂ ಬೇಜಾರಿಲ್ಲ.