ಈ ಗೇಮನ್ನು ಬೈಯುವವರ ಜೊತೆ ನಾನೂ ಇದ್ದೇನೆ, ಅರ್ಧ ದಾರಿವರೆಗೆ

ಮೊನ್ನೆ ಭಾನುವಾರ ಬೆಳಗ್ಗೆ ಹಿಡಿದ ಮಳೆ ಸಂಜೆವರೆಗೂ ಬಿಡಲಿಲ್ಲ. ಕರೆಂಟು ಹೋಗೋದು, ಬರೋದು. ಸಿಕ್ಕ ಗ್ಯಾಪಿನಲ್ಲಿ ಹಳೇ ಪಿಎಸ್ 4ರ (ಪ್ಲೇಸ್ಟೇಷನ್ 4, ಟಿವಿಗೆ ಹಚ್ಚಿ ಗೇಮ್ ಆಡುವ ಯಂತ್ರ) ಧೂಳು ಒರೆಸಿ, ಯಾವಾಗಲೋ ಅರ್ಧಕ್ಕೆ ಬಿಟ್ಟಿದ್ದ ಗೇಮೊಂದನ್ನು ಮೊದಲಿಂದ ಶುರು ಮಾಡಿದೆ. 'ಡಿಸಾಸ್ಟರ್ ರಿಪೋರ್ಟ್ 4: ಸಮ್ಮರ್ ಮೆಮೊರೀಸ್' ಅಂತ. ಜಪಾನಿನದು. ಬಸ್ಸಿನಲ್ಲಿ ಒಂದು ಊರಿಗೆ ಬಂದಿರುತ್ತೀರಿ, ದೊಡ್ಡ ಭೂಕಂಪ ಆಗುತ್ತದೆ, ಅಲ್ಲಿಂದ ಬದುಕಿ ಆಚೆ ಬರಬೇಕು. ಅಷ್ಟೇ ಕತೆ.

ಅಮ್ಮ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. ಸ್ವಲ್ಪ ಹೊತ್ತು ನೋಡಿದಳು.

"ಭೂಕಂಪ ಆಗಿದೆ ಅಂತೀಯ. ಇವನು ಅಂಗಡೀಲಿ ಏನ್ ಮಾಡ್ತಿದಾನೆ?"

"ನೀರು ಮಾರ್ತಿದಾನಮ್ಮ."

"ಎಷ್ಟಕ್ಕೆ?"

"ಎಷ್ಟಕ್ಕೆ ಬೇಕಾದ್ರೂ ಮಾರಬಹುದು. ಅದು ನಮ್ಮಿಷ್ಟ."

"ನೀನು ಎಷ್ಟಕ್ಕೆ ಮಾರ್ದೆ?"

ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ಪುಣ್ಯ.

ಈ ಗೇಮು ಬಂದಾಗ ವಿಮರ್ಶಕರು ಒಂದೇ ಮಾತು ಹೇಳಲಿಲ್ಲ. ಕೆಲವರು ಸರಿಯಾಗಿ ಉಗಿದರು. ಕೆಲವರು ಉಗಿಯುತ್ತಲೇ "ಆದರೂ ಏನೋ ಇದೆ ಇದರಲ್ಲಿ" ಅಂದರು. ನಾನು ಮೊದಲ ಗುಂಪಿನಲ್ಲಿದ್ದೆ. ಈಗ ಎಲ್ಲಿದ್ದೇನೆ ಅಂತ ಹೇಳೋಕೆ ಈ ಉದ್ದದ ಪೋಸ್ಟು. ಗೇಮ್ ಆಡದವರೂ ಓದಬಹುದು, ಮುಂದೆ ನಮ್ಮೂರಿನ ಸುದ್ದಿಯೇ ಜಾಸ್ತಿ ಇದೆ.

ಇದರ ಹುಟ್ಟೇ ಒಂದು ವಿಚಿತ್ರ. ಐರೆಮ್ ಅನ್ನೋ ಕಂಪನಿ ಇದನ್ನು ಪಿಎಸ್ 3ಕ್ಕೆ ಅಂತ ಮಾಡುತ್ತಿತ್ತು. 2011ರಲ್ಲಿ ಬಿಡುಗಡೆ ಆಗಬೇಕಿತ್ತು. ಅಷ್ಟರಲ್ಲಿ ಮಾರ್ಚ್ 11ರಂದು ಜಪಾನಿನಲ್ಲಿ ನಿಜವಾದ ಭೂಕಂಪ, ಅದರ ಹಿಂದೆಯೇ ಸುನಾಮಿ. ಕೆಲವೇ ದಿನಗಳಲ್ಲಿ ಗೇಮನ್ನು ರದ್ದು ಮಾಡಿದರು. ಇನ್ನೇನು ಮಾಡೋಕಾಗುತ್ತಿತ್ತು? ಊರಿಗೆ ಊರೇ ಕೊಚ್ಚಿಹೋಗಿರುವಾಗ ಭೂಕಂಪದ ಆಟ ಮಾರೋಕಾಗುತ್ತಾ? ಈ ಸರಣಿಯನ್ನು ಮಾಡುತ್ತಿದ್ದ ಕಜುಮಾ ಕುಜೋ ಅದೇ ವರ್ಷ ಆ ಕಂಪನಿ ಬಿಟ್ಟು ಗ್ರಾಂಜೆಲ್ಲಾ ಅಂತ ತಮ್ಮದೇ ಕಂಪನಿ ಕಟ್ಟಿದರು. 2014ರಲ್ಲಿ ಸರಣಿಯ ಹಕ್ಕು ಕೊಂಡುಕೊಂಡರು. ಕೊನೆಗೆ ಜಪಾನಿನಲ್ಲಿ ಗೇಮು ಬಂದಿದ್ದು 2018ರ ನವೆಂಬರ್‌ನಲ್ಲಿ. ಇಂಗ್ಲಿಷಿನಲ್ಲಿ ಬಂದಿದ್ದು 2020ರ ಏಪ್ರಿಲ್‌ನಲ್ಲಿ. ಅಂದರೆ ನಾವೆಲ್ಲ ಲಾಕ್‌ಡೌನ್ ಅಂತ ಬಾಗಿಲು ಹಾಕಿಕೊಂಡು, ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ತೊಳೆಯುತ್ತಿದ್ದಾಗ. ಈ ಗೇಮಿನ ಟೈಮಿಂಗ್ ಯಾವತ್ತೂ ಸರಿ ಇಲ್ಲ.

ಬೈಗುಳಕ್ಕೆ ಬರೋಣ. ಅದರಲ್ಲಿ ಅರ್ಧ ನ್ಯಾಯವಾದದ್ದೇ. ಹತ್ತು ವರ್ಷ ಹಿಂದೆ ಹೊಲಿಸಿದ ಅಂಗಿಯನ್ನು ಇವತ್ತು ಹಾಕಿಕೊಂಡು ಬಂದ ಹಾಗೆ ಕಾಣುತ್ತದೆ ಗೇಮು. ಮುಖಗಳು ಪ್ಲಾಸ್ಟಿಕ್ಕು, ನಡಿಗೆ ಬಿಗಿ. ಕಟ್ಟಡ ಉರುಳುವ ಹೊತ್ತಿಗೆ, ಅಂದರೆ ನಾವು ಕಣ್ಣು ಬಿಟ್ಟು ನೋಡಬೇಕಾದ ಹೊತ್ತಿಗೇ ಸರಿಯಾಗಿ, ಚಿತ್ರ ಕುಂಟುತ್ತದೆ. ಜೋರು ಮಳೆಗೆ ಡಿಶ್ ಆಂಟೆನಾ ಟಿವಿ ಮಾಡುತ್ತದಲ್ಲ, ಹಾಗೆ. ಇದಕ್ಕೆ ಯಾರೂ ವಕಾಲತ್ತು ವಹಿಸಬೇಕಿಲ್ಲ.

ಎರಡನೇದು ಇನ್ನೂ ತಲೆನೋವು. ಮುಂದಿನ ಘಟನೆ ಶುರುವಾಗಬೇಕು ಅಂದರೆ ಸರಿಯಾದ ವ್ಯಕ್ತಿಯನ್ನು ಸರಿಯಾದ ಹೊತ್ತಿಗೆ ಮಾತಾಡಿಸಬೇಕು. ಯಾರು ಆ ವ್ಯಕ್ತಿ ಅಂತ ಗೇಮು ಹೇಳಲ್ಲ. ಬೀದಿಯಲ್ಲಿ ನಿಂತವರನ್ನೆಲ್ಲ ಮಾತಾಡಿಸಿ, ಮತ್ತೆ ಮೊದಲನೆಯವನ ಹತ್ತಿರ ಬಂದರೆ ಆಗ ಅವನು ಬಾಯಿ ಬಿಡುತ್ತಾನೆ. ವಿಮರ್ಶಕರಿಗೆ ಇದು ವಿಪರೀತ ಕಿರಿಕಿರಿ. ನನಗೂ ಕಿರಿಕಿರಿಯೇ. ಆದರೆ ಅವರು ಯಾರೂ ಮನೆ ಬಿದ್ದ ಪರಿಹಾರಕ್ಕೆ ಅರ್ಜಿ ಹಾಕಿಲ್ಲ ಅಂತ ಕಾಣುತ್ತೆ. ಈ ಟೇಬಲ್‌ಗೆ ಹೋದರೆ ಆ ಟೇಬಲ್‌ಗೆ ಹೋಗಿ ಅಂತಾರೆ. ಆ ಟೇಬಲ್‌ನವರು ಊಟಕ್ಕೆ ಹೋಗಿರುತ್ತಾರೆ. ವಾಪಸ್ ಬಂದರೆ ಮೊದಲನೆಯವರೇ "ಅಯ್ಯೋ, ನನ್ನ ಹತ್ರಾನೇ ಕೊಡಬಹುದಿತ್ತಲ್ರೀ" ಅಂತಾರೆ. ಗೇಮ್ ಮಾಡಿದವರು ಬೇಕಂತ ಹೀಗೆ ಮಾಡಿಲ್ಲ, ಗೊತ್ತು. ನನಗೆ ಸುಮ್ನೆ ನಗು ಬಂತು.

ಮೂರನೇ ಬೈಗುಳದ ಹತ್ತಿರ ನಾನು ಬೇರೆ ದಾರಿ ಹಿಡಿಯುತ್ತೇನೆ. "ಇದಕ್ಕೆ ಗಂಭೀರತೆ ಇಲ್ಲ" ಅಂತಾರೆ. ಊರು ಬಿದ್ದಿರುವಾಗ ಜನ ಸಣ್ಣ ಸಣ್ಣ ವಿಷಯಕ್ಕೆ ಜಗಳ ಆಡುತ್ತಾರೆ. ಹಸಿವು, ಬಾಯಾರಿಕೆಯ ಲೆಕ್ಕದ ಜೊತೆ ಟಾಯ್ಲೆಟ್ಟಿಗೆ ಅವಸರವಾಗುವ ಲೆಕ್ಕವೂ ಇದೆ. ಯಾರಾದರೂ ಮಾತಾಡಿಸಿದರೆ ಉತ್ತರಕ್ಕೆ ಐದಾರು ಆಯ್ಕೆ ಬರುತ್ತವೆ. ಒಂದು ಒಳ್ಳೇದು, ಒಂದು ಸ್ವಾರ್ಥದ್ದು, ಉಳಿದವು ಹುಚ್ಚಾಟ. ಇಂಥ ಹೊತ್ತಲ್ಲಿ ಯಾರು ಹೀಗೆ ಆಡ್ತಾರೆ ಅನ್ನೋದು ಆಕ್ಷೇಪ.

ಆಡ್ತಾರೆ ಸ್ವಾಮಿ.

2021ರ ಜನವರಿ 21 ನೆನಪಿದೆಯಾ? ರಾತ್ರಿ 10.20ರ ಸುಮಾರು. ಶಿವಮೊಗ್ಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಢಂ ಅಂತ ಒಂದು ಸದ್ದು, ಕಿಟಕಿ ಗಾಜೆಲ್ಲ ಗಡಗಡ. ಎಲ್ಲರೂ ಭೂಕಂಪ ಅಂದುಕೊಂಡೆವು. ಈ ಗೇಮಿನಲ್ಲಿ ನೆಲ ನಡುಗಿದ ಕೂಡಲೇ ಒಂದು ಬಟನ್ ಒತ್ತಿ ಕುಕ್ಕರುಗಾಲಲ್ಲಿ ಕೂರಬೇಕು, ತಲೆ ಕಾಪಾಡಿಕೊಳ್ಳಬೇಕು. ನಮ್ಮ ಬೀದಿಯಲ್ಲಿ ಒಬ್ಬರೂ ಕೂರಲಿಲ್ಲ. ಎಲ್ಲ ಹೊರಗೆ ಓಡಿದೆವು. ಅಮ್ಮ ಮೊದಲು ಗ್ಯಾಸ್ ಆಫ್ ಮಾಡಿದಳು, ಅದು ಸರಿ. ಆಮೇಲೆ ಹಾಲಿಗೆ ತಟ್ಟೆ ಮುಚ್ಚಿದಳು, ಬೆಕ್ಕು ಕುಡಿಯುತ್ತೆ ಅಂತ. ಕೊನೆಗೆ ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿದಳು. ಮನೆಯೇ ಬೀಳುತ್ತೆ ಅಂತ ಓಡಿಬಂದವಳು ಬೀಗ ಹಾಕಿ, ಎಳೆದು ನೋಡಿ, ಕೀ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎದುರು ಮನೆಯವರು ಲುಂಗಿಯಲ್ಲೇ ನಿಂತು ಭದ್ರಾವತಿಗೆ ಫೋನ್ ಹಚ್ಚಿ "ನಿಮ್ಮಲ್ಲೂ ಆಯ್ತಾ?" ಅಂತ ಕೇಳುತ್ತಿದ್ದರು. ಆಯ್ತು ಅಂದಾಗ ಅವರ ಮುಖದಲ್ಲಿ ಏನೋ ಸಮಾಧಾನ. ಮಧ್ಯರಾತ್ರಿ ದಾಟುವವರೆಗೂ ಬೀದಿಯಲ್ಲೇ ಇದ್ದೆವು. ಯಾರೋ ಟೀ ಮಾಡಿಕೊಂಡು ಬಂದರು. ಟೀಗೆ ಸಕ್ಕರೆ ಕಡಿಮೆ ಅಂತ ಒಬ್ಬರು ಗೊಣಗಿದರು. ನಡುಗಿಸಿದ್ದು ಭೂಕಂಪ ಅಲ್ಲ, ಹುಣಸೋಡಿನ ಕ್ರಷರ್ ಹತ್ತಿರ ಸ್ಫೋಟಕ ಸಿಡಿದದ್ದು ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಕೂಲಿಗೆ ಬಂದವರು ಸತ್ತಿದ್ದರು. ಅದು ಗೊತ್ತಾಗುವವರೆಗೆ ಮಾತ್ರ ಸಕ್ಕರೆಯ ಮಾತು.

ಪ್ರತಿ ಮಳೆಗಾಲ ನಾವು ಮಾಡೋದು ತಾನೇ ಏನು? ಹೊಳೆ ಏರಿತು ಅಂದರೆ ಊರಿಗೆ ಊರೇ ಕೇಳುವ ಪ್ರಶ್ನೆ ಒಂದೇ: "ಮಂಟಪ ಮುಳುಗ್ತಾ?" ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿರುವ ಆ ಕಲ್ಲಿನ ಮಂಟಪವೇ ನಮಗೆ ಅಳತೆಗೋಲು. ಮುಳುಗಿತು ಅಂದ ಕೂಡಲೇ ಹೆಂಡತಿ ಮಕ್ಕಳನ್ನು ಗಾಡಿ ಮೇಲೆ ಕೂರಿಸಿಕೊಂಡು ನೋಡೋಕೆ ಹೋಗುತ್ತೇವೆ. ಸೇತುವೆ ಮೇಲೆ ಸೆಲ್ಫಿ, ಕೈಯಲ್ಲಿ ಬಿಸಿ ಬೋಂಡ. ಅದೇ ಹೊತ್ತಿಗೆ ತಗ್ಗಿನ ಬಡಾವಣೆಗಳಲ್ಲಿ ಜನ ಹಾಸಿಗೆ ಮಡಚುತ್ತಿರುತ್ತಾರೆ. ಎರಡೂ ಒಂದೇ ಊರು, ಒಂದೇ ಸಂಜೆ. ಇದನ್ನು ಯಾರಾದರೂ ಗೇಮಿನಲ್ಲಿ ತೋರಿಸಿದರೆ "ಛೆ, ನಂಬೋ ಹಾಗಿಲ್ಲ" ಅಂತ ವಿಮರ್ಶೆ ಬರೆಯುತ್ತಿದ್ದರು.

(ಸುಮ್ನೆ ಒಂದು ಮಾತು. ಇದೇ ಸರಣಿಯಲ್ಲಿ 2006ರಲ್ಲಿ ಪ್ರವಾಹದ ಗೇಮು ಒಂದು ಬಂದಿತ್ತು. ಇಂಗ್ಲಿಷಿನಲ್ಲಿ ಹೆಸರು 'ರಾ ಡೇಂಜರ್'. ಅದರಲ್ಲಿ ಮಳೆಗೆ ನೆನೆದರೆ ಮೈ ಬಿಸಿ ಇಳಿಯುತ್ತಾ ಹೋಗುತ್ತದೆ, ಎಲ್ಲಾದರೂ ಬೆಂಕಿ ಹುಡುಕಿ ಕಾಯಿಸಿಕೊಳ್ಳಬೇಕು. ಗೇಮೆಂದರೆ ಇದು! ಬಚ್ಚಲೊಲೆ ಮುಂದೆ ಕೂತು ಬೆಳೆದವರಿಗೆ ಆಡೋಕೆ ಟ್ಯುಟೋರಿಯಲ್ ಬೇಕಾಗಿಲ್ಲ.)

ನಾಲ್ಕನೇ ಬೈಗುಳಕ್ಕೇ ನಾನು ಕಾಯುತ್ತಿದ್ದೆ. ಗೇಮಿನಲ್ಲಿ ಒಳ್ಳೇ ಕೆಲಸಕ್ಕೆ ಪಾಯಿಂಟ್ ಇದೆ, ಕೆಟ್ಟ ಕೆಲಸಕ್ಕೂ ಪಾಯಿಂಟ್ ಇದೆ. ಯಾರಿಗೋ ಸಹಾಯ ಮಾಡಿದಿರಿ, ಒಂದಿಷ್ಟು ಸೇರುತ್ತದೆ. ನೀರನ್ನು ದುಬಾರಿಗೆ ಮಾರಿದಿರಿ, ಇನ್ನೊಂದು ಖಾತೆಗೆ ಒಂದಿಷ್ಟು ಸೇರುತ್ತದೆ. ಆದರೆ ಆ ಪಾಯಿಂಟಿನಿಂದ ಹೆಚ್ಚೇನೂ ಆಗಲ್ಲ. ಬಹುಮಾನ ಇಲ್ಲ, ಶಿಕ್ಷೆ ಇಲ್ಲ. ಹಾಗಾದರೆ ಯಾಕಿಟ್ಟಿದ್ದಾರೆ ಅಂತ ಎಲ್ಲರ ಪ್ರಶ್ನೆ. ಮೊದಲ ಸಲ ಆಡಿದಾಗ ನಾನೂ ಇದನ್ನೇ ಕೇಳಿ, ಬೇಜಾರಾಗಿ ಡಿಸ್ಕ್ ತೆಗೆದಿಟ್ಟಿದ್ದೆ.

ಈಗ 2019ರ ಆಗಸ್ಟಿಗೆ ಬನ್ನಿ. ಆ ವಾರ ಮಲೆನಾಡಿನಲ್ಲಿ ಸುರಿದಿದ್ದನ್ನು ಮಳೆ ಅನ್ನೋಕಾಗಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಜರಿದು ತೋಟ ಗದ್ದೆ ಮಣ್ಣಿನಡಿ ಹೋಯಿತು. ಗಾಜನೂರು ಡ್ಯಾಂನಿಂದ ನೀರು ಬಿಡುತ್ತಿದ್ದಾರೆ ಅಂತ ಗಂಟೆಗೊಂದು ವಾಟ್ಸಾಪ್ ಮೆಸೇಜು. ನಾವಾಗ ಹೊಳೆಗೆ ಹತ್ತಿರದ ತಗ್ಗಿನ ಬೀದಿಯೊಂದರಲ್ಲಿ ಬಾಡಿಗೆಗಿದ್ದೆವು. ರಸ್ತೆ ಮೇಲೆ ನೀರು ಕಾಣಿಸಿಕೊಂಡಾಗ ಅದು ನಿಧಾನವಾಗಿ, ಯಾರದೋ ಮನೆ ಟ್ಯಾಂಕ್ ತುಂಬಿ ಹರಿದ ಹಾಗೆ ಬಂತು. ಸಿನಿಮಾದ ಹಾಗೆ ನುಗ್ಗಿ ಬರಲಿಲ್ಲ. ಅದಕ್ಕೇ ಯಾರಿಗೂ ಅವಸರ ಆಗಲಿಲ್ಲ. ಚಪ್ಪಲಿ ತೇಲಿದಾಗ ಅವಸರ ಆಯಿತು.

ನನ್ನ ಕಸಿನ್ ಓಮ್ನಿ ತಂದಿದ್ದ. ಅಮ್ಮನನ್ನು ಮುಂದೆ ಕೂರಿಸಿದೆ. ಹಿಂದೆ ಅಕ್ಕಿ ಮೂಟೆ, ದಾಖಲೆಗಳ ಸೂಟ್‌ಕೇಸು, ಮಿಕ್ಸಿ. ಹಿಂದಿನ ಸೀಟಿನ ಮೇಲೆ ಟಿವಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮಲಗಿಸಿದೆ. ಅದರ ಪಕ್ಕ, ಡಬ್ಬದ ಸಮೇತ, ಇದೇ ಪಿಎಸ್ 4. ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ತಿಂಗಳಾಗಿತ್ತು.

ಮೂಲೆ ಮನೆ ಅಜ್ಜಿ ಕೊಡೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ಒಂದು ಬಟ್ಟೆ ಚೀಲ, ಅಷ್ಟೇ. "ನನ್ನೂ ಮೇಲಿನ ರಸ್ತೆವರೆಗೆ ಬಿಡ್ತೀಯೇನೋ ಮಗಾ" ಅಂದರು. ನಾನು ಒಂದು ಸಲ ಹಿಂದಿನ ಸೀಟು ನೋಡಿದೆ. "ಗಾಡೀಲಿ ಜಾಗ ಇಲ್ಲ ಅಜ್ಜಿ, ಇನ್ನೊಂದು ಟ್ರಿಪ್ ಬರ್ತೀನಿ" ಅಂದೆ.

ಜಾಗ ಇತ್ತು. ಟಿವಿಯನ್ನು ನಿಲ್ಲಿಸಿ, ಡಬ್ಬವನ್ನು ತೊಡೆ ಮೇಲೆ ಇಟ್ಟುಕೊಂಡಿದ್ದರೆ ಇತ್ತು.

ಇನ್ನೊಂದು ಟ್ರಿಪ್ ಆಗಲಿಲ್ಲ. ಅಷ್ಟರಲ್ಲಿ ನೀರು ಓಮ್ನಿ ಹೋಗುವ ಮಟ್ಟ ದಾಟಿತ್ತು. ಅಜ್ಜಿಯನ್ನು ಯಾರೋ ಹುಡುಗರು ಟ್ರ್ಯಾಕ್ಟರಿನಲ್ಲಿ ಕರೆದುಕೊಂಡು ಬಂದರು. ಅವರಿಗೆ ಏನೂ ಆಗಲಿಲ್ಲ. ಅದೇ ರಾತ್ರಿ ಗಂಜಿ ಕೇಂದ್ರದಲ್ಲಿ (ಸರ್ಕಾರದವರು ಕಾಳಜಿ ಕೇಂದ್ರ ಅಂತಾರೆ, ಜನ ಇನ್ನೂ ಗಂಜಿ ಕೇಂದ್ರವೇ ಅನ್ನೋದು) ನಮ್ಮಿಂದ ನಾಲ್ಕು ಚಾಪೆ ಆಚೆ ಮಲಗಿದ್ದರು. ಅಲ್ಲಿಯೂ ಗೇಮಿನ ಹಾಗೆಯೇ. ಇಡೀ ಹಾಲಿಗೆ ಒಂದು ಪ್ಲಗ್ ಪಾಯಿಂಟ್, ಅದರ ಸುತ್ತ ಜಗಳ. ಟಾಯ್ಲೆಟ್ಟಿಗೆ ಸಾಲು. ಚಿತ್ರಾನ್ನಕ್ಕೆ ಕಡಲೆಬೀಜ ಹಾಕಿಲ್ಲ ಅಂತ ಒಬ್ಬರ ತಕರಾರು. ಹೊರಗೆ ಒಂದು ಅಂಗಡಿಯವರು ಕ್ಯಾಂಡಲ್ಲು, ನೀರಿನ ಬಾಟಲಿಯನ್ನು ಡಬಲ್ ರೇಟಿಗೆ ಮಾರುತ್ತಿದ್ದರು. ಆ ಅಂಗಡಿಯವರನ್ನು ನಾನು ಜೋರಾಗಿಯೇ ಬೈದೆ, ನಾಲ್ಕು ಜನರ ಮುಂದೆ. ಅಜ್ಜಿ ಮಲಗಿದಲ್ಲಿಂದಲೇ ನನ್ನನ್ನು ನೋಡಿ "ಊಟ ಆಯ್ತೇನೋ?" ಅಂತ ಕೇಳಿದರು.

ಈಗಲೂ ಮಾರ್ಕೆಟ್ಟಿನಲ್ಲಿ ಸಿಕ್ಕರೆ ಅದನ್ನೇ ಕೇಳುತ್ತಾರೆ. ಮರೆತಿದ್ದಾರೋ, ನೆನಪಿದ್ದೂ ಸುಮ್ಮನಿದ್ದಾರೋ ಗೊತ್ತಿಲ್ಲ. ನನಗೆ ಯಾವ ಶಿಕ್ಷೆಯೂ ಆಗಲಿಲ್ಲ. ಪಿಎಸ್ 4 ಚೆನ್ನಾಗಿಯೇ ಓಡುತ್ತಿದೆ.

ಹಾಗಾಗಿ ಈ ಸಲ ಆಡುವಾಗ, ಕೆಟ್ಟ ಪಾಯಿಂಟ್ ಬಂದು ಏನೂ ಆಗದೆ ಕತೆ ಮುಂದೆ ಹೋದಾಗ, ಇದು ಗೇಮಿನ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಬೇರೆ ಗೇಮುಗಳಲ್ಲಿ ಕೆಟ್ಟದ್ದು ಮಾಡಿದರೆ ಕೊನೆಯಲ್ಲಿ ಕೆಟ್ಟ ಎಂಡಿಂಗ್ ಬರುತ್ತದೆ, ನಮ್ಮ ಲೆಕ್ಕ ಚುಕ್ತಾ ಆಗುತ್ತದೆ. ಇಲ್ಲಿ ಯಾರೂ ಚುಕ್ತಾ ಮಾಡಲ್ಲ. ಒಂದು ಅಂಕಿ ಬರೆದುಕೊಂಡು ಗೇಮು ಮುಂದಕ್ಕೆ ಹೋಗುತ್ತದೆ. ಮಾಡಿದವರು ಇದನ್ನು ಯೋಚಿಸಿ ಮಾಡಿದರೋ, ಪೂರ್ತಿ ಮಾಡೋಕಾಗದೆ ಹಾಗೇ ಬಿಟ್ಟರೋ, ನನಗದು ಮುಖ್ಯ ಅಲ್ಲ. ಸೋಮಾರಿತನ ಇರಬಹುದು ಅಂತ ವಾದಿಸುವವರ ಜೊತೆ ನಾನು ಜಗಳಕ್ಕೆ ನಿಲ್ಲಲ್ಲ.

ಹಾಗಂತ ಈ ಗೇಮು ಒಳ್ಳೇದು, ತಗೊಳ್ಳಿ ಅಂತ ಹೇಳ್ತಿಲ್ಲ. ಪೂರ್ತಿ ದುಡ್ಡು ಕೊಟ್ಟು ತಗೊಳ್ಳೋರಿಗೆ ಆ ಕುಂಟುವ ಚಿತ್ರ, ಆ ಅಲೆದಾಟ ಖಂಡಿತ ಸಿಟ್ಟು ತರಿಸುತ್ತೆ. ಹತ್ತಕ್ಕೆ ಎಷ್ಟು ಕೊಡ್ತೀಯ ಅಂತ ಗೆಳೆಯ ಕೇಳಿದ. ಐದು ಅಂದೆ. "ಇಷ್ಟೆಲ್ಲ ಹೊಗಳಿ ಐದಾ?" ಅಂದ. ಹೊಗಳಿದ್ದು ಎಲ್ಲಿ ಮಾರಾಯಾ?

ಸಂಜೆ ಕರೆಂಟು ಬಂತು. ಸೇವ್ ಆಗಿರಲಿಲ್ಲ, ಮತ್ತೆ ಬಸ್ಸಿನಿಂದಲೇ ಶುರು. ಅಂಗಡಿ ಸೀನ್ ಬಂದಾಗ ಅಮ್ಮ ಅಡುಗೆಮನೆಯಿಂದಲೇ ಕೂಗಿದಳು, "ಈ ಸಲ ಎಷ್ಟಕ್ಕೋ?"

"ಮಾಮೂಲಿ ರೇಟಿಗೇ ಅಮ್ಮ" ಅಂದೆ.

ಡಿಸ್ಕ್ ನನ್ನ ಹತ್ತಿರವೇ ಇದೆ. ಶಿವಮೊಗ್ಗದವರು ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಿ. ಹಿಂದೆ ಒಂದು ಗೀರು ಇದೆ, ಓಡುತ್ತೆ.